ಓಣಿ ಹೋಗಿ ಸೆಕ್ಟರ್ ಬಂದಾಗ



ಇವತ್ತು ನಾನು ಮಾತಾಡಬೇಕೆಂದಿರುವುದು ಬಾಗಲಕೋಟೆಯ ಬಗ್ಗೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟುವ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಮುಂದೆ ಅದರ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಮೇಲೇರಿ ಈ ಊರಿನ ತಗ್ಗಿನ ಭಾಗಗಳನ್ನು ನುಂಗಿತು. ಮುಳುಗಡೆಯಾದವರಿಗೆಂದು ನವನಗರ ಎದ್ದಿತು. ಅದರ ಯೋಜನೆಯಲ್ಲಿ ಚಾರ್ಲ್ಸ್ ಕೊರೆಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಕೈಯಿತ್ತು. ಅಲ್ಲಿ ಅಗಲವಾದ ರಸ್ತೆಗಳಿವೆ, ಗಾಳಿ ಬೆಳಕಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ವಿಳಾಸ ಕೇಳಿ ನೋಡಿ. ಹಳೇ ಊರಿನಲ್ಲಿ "ನಿಮ್ಮ ಮನಿ ಎಲ್ಲಿ ಬರತೈತ್ರಿ?" ಅಂದರೆ, "ಕಿಲ್ಲಾದಾಗ್ರಿ, ಗುಡಿ ಹಿಂದಿನ ಓಣಿ" ಎಂಬ ಉತ್ತರ ಬರುತ್ತಿತ್ತು. ಆ ಒಂದು ಮಾತಿನಲ್ಲಿ ದೇವರು, ನೆರೆಹೊರೆ, ಮನೆತನ ಎಲ್ಲವೂ ಇರುತ್ತಿದ್ದವು. ನವನಗರದಲ್ಲಿ ಸಿಗುವ ಉತ್ತರ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಅಂಚೆಯವನಿಗೆ ಅಷ್ಟು ಸಾಕು, ಊರಿಗೆ ಸಾಲದು.

ಪರಿಹಾರ ಕೊಡಲು ಗೋಡೆ ಅಳೆದರು, ತೊಲೆ ಎಣಿಸಿದರು, ಹಿತ್ತಲ ಗಿಡಕ್ಕೂ ಬೆಲೆ ಕಟ್ಟಿದರು. ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತವರ ಮಾತಿಗೆ ಬೆಲೆ ಕಟ್ಟುವುದು ಹೇಗೆ? ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದ ಹಪ್ಪಳ ಸಂಡಿಗೆಗೆ, ಉದ್ರಿ ಕೊಡುತ್ತಿದ್ದ ಅಂಗಡಿಯವನ ನಂಬಿಕೆಗೆ? ಓಣಿಯೊಂದರ ಮನೆಗಳು ಬೇರೆ ಬೇರೆ ಸೆಕ್ಟರಿಗೆ ಚದುರಿದಾಗ ಮೊದಲು ಸೋತವರು ಮುದುಕರು. ಅವರಿಗೆ ನಡೆಯುವಷ್ಟು ದೂರವೇ ಲೋಕ. ಆ ಲೋಕದೊಳಗಿನ ಗುರುತಿನ ಮುಖಗಳು ಆಟೊ ಹತ್ತಿ ಹೋಗಬೇಕಾದಷ್ಟು ದೂರ ಸರಿದವು.

ಆದರೂ ಊರು ಪೂರ್ತಿ ಮುಳುಗಲಿಲ್ಲ ಎಂದು ತೋರಿಸುವುದು ಹೋಳಿ. ಬಾಗಲಕೋಟೆಯಲ್ಲಿ ಬಣ್ಣದಾಟ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಬಂಡಿಗಳಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ ಹೇರಿಕೊಂಡು, ಹಲಗೆ ಬಾರಿಸುತ್ತ, ಕಿಲ್ಲಾ, ಜೈನಪೇಟೆ, ವೆಂಕಟಪೇಟೆ ಎಂದು ಪೇಟೆಗಳ ಹೆಸರಿನಲ್ಲೇ ಅದು ಸಾಗುತ್ತದೆ. ಹಲಗೆಯ ಸದ್ದಿಗೆ ಸೆಕ್ಟರ್ ನಂಬರು ಗೊತ್ತಿಲ್ಲ. ಸರ್ಕಾರಿ ನಕ್ಷೆ ಮರೆತದ್ದನ್ನು ಹಬ್ಬ ನೆನಪಿಟ್ಟುಕೊಂಡಿದೆ ಎಂದು ನನಗನ್ನಿಸುತ್ತದೆ.

ಇದನ್ನು ಈಗ ಹೇಳಲು ಕಾರಣವಿದೆ. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿದೆ. ಅಂದರೆ ಹಳೇ ಊರಿನ ಇನ್ನಷ್ಟು ಭಾಗ, ಸುತ್ತಲಿನ ಇನ್ನಷ್ಟು ಹಳ್ಳಿಗಳು ಜಾಗ ಬಿಡಬೇಕು. ಬಯಲುಸೀಮೆಯ ಹೊಲಗಳಿಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ನಿವೇಶನ ಹಂಚುವವರಲ್ಲಿ ನನ್ನ ಕೋರಿಕೆ ಇಷ್ಟೆ: ಮನೆಗಳನ್ನು ಒಂದೊಂದಾಗಿ ಎಬ್ಬಿಸಬೇಡಿ. ಓಣಿಗೆ ಓಣಿಯನ್ನೇ ಒಟ್ಟಿಗೆ ಕರೆದೊಯ್ಯಿರಿ. ಹೊಸ ಬೀದಿಯ ಫಲಕದ ಮೇಲೆ ಹಳೇ ಓಣಿಯ ಹೆಸರನ್ನೇ ಬರೆಯಿಸಿ.