ಗೆಳೆಯನನ್ನು ಕೇಳುವ ಬಗೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)

ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಸಣ್ಣ ವಿಷಯ. ಗೆಳೆಯನನ್ನು ‘ತಿಂತೀಯಾ?’ ಎಂದು ಕೇಳುವುದು ಹೇಗೆ?

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ಟೋಕಿಯೋದಲ್ಲಿದ್ದೆ. ಜಪಾನಿ ಭಾಷೆ ಕಲಿಯಲು ಹೊರಟಾಗ ಧೈರ್ಯ ಕೊಟ್ಟಿದ್ದು ಈ ಶಾಲೆಯಲ್ಲಿ ಕಲಿತ ಕನ್ನಡವೇ. ಅಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಪ್ರಶ್ನೆ ಕೇಳಲು ನಾವು ಕೊನೆಗೆ ‘ಆ’ ಸೇರಿಸುವಂತೆ ಅವರು ‘ಕ’ ಸೇರಿಸುತ್ತಾರೆ. ‘ತಬೆಮಸ್ ಕ?’ ಎಂದರೆ ‘ತಿನ್ನುತ್ತೀರಾ?’. ಜೊತೆಗೆ ಕರೆಯುವಾಗ ನಾವು ‘ಬರಲ್ವಾ?’ ಎನ್ನುವಂತೆ ಅವರೂ ಇಲ್ಲವೆಂಬ ಅರ್ಥ ಸೇರಿಸಿ ‘ಇಕಿಮಸೆನ್ ಕ?’ ಎನ್ನುತ್ತಾರೆ.

ನಾನು ಎಡವಿದ್ದು ಏಕವಚನ, ಬಹುವಚನದಲ್ಲಿ. ಅವರ ಕ್ರಿಯಾಪದದಲ್ಲಿ ‘ನೀನು’, ‘ನೀವು’ ಎಂಬ ಭೇದವಿಲ್ಲ. ಎದುರಿಗಿರುವವರನ್ನು ಹೆಸರಿಗೆ ‘ಸಾನ್’ ಸೇರಿಸಿ ಕರೆಯುತ್ತಾರೆ. ದಿನನಿತ್ಯದ ಮಾತಿನ ಮರ್ಯಾದೆ ಹೆಚ್ಚಾಗಿ ‘ಮಸ್’, ‘ದೆಸ್’ ಎಂಬ ತುದಿಗಳಲ್ಲಿದೆ. ಗೆಳೆಯರ ನಡುವೆ ಆ ತುದಿಗಳು ಬಿದ್ದುಹೋಗುತ್ತವೆ, ಸಾಮಾನ್ಯವಾಗಿ ‘ಕ’ ಕೂಡ. ‘ತಬೆರು?’ ಎಂದು ದನಿ ಏರಿಸಿದರೆ ಸಾಕು. ‘ಓಗೆಂಕಿ ದೆಸ್ ಕ?’, ಅಂದರೆ ‘ಚೆನ್ನಾಗಿದ್ದೀರಾ?’ ಎಂಬುದು ಬರೀ ‘ಗೆಂಕಿ?’ ಆಗುತ್ತದೆ. ‘ಮಸ್’ ಬಿಟ್ಟು ‘ಕ’ ಉಳಿಸಿ ‘ತಬೆರು ಕ?’ ಎಂದರೆ ಒರಟಾಗಿ ಕೇಳಿಸುತ್ತದೆ.

ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ನನ್ನದೇ ವಯಸ್ಸಿನವನು. ಮನೆ ಹುಡುಕಿಕೊಟ್ಟವನು, ಜ್ವರ ಬಂದಾಗ ಡಾಕ್ಟರ ಹತ್ತಿರ ಕರೆದೊಯ್ದವನು. ಕೆಲವು ತಿಂಗಳಾದ ಮೇಲೆ ಅವನು ‘ತಬೆರು?’ ಎಂದು ಕೇಳತೊಡಗಿದ. ತಪ್ಪಾದೀತೆಂಬ ಹೆದರಿಕೆಯಿಂದ ನಾನು ‘ತಬೆಮಸ್’ ಎಂದೇ ಉತ್ತರ ಕೊಡುತ್ತಿದ್ದೆ. ಅದೇ ಮರ್ಯಾದೆ ಎಂದುಕೊಂಡಿದ್ದೆ. ಒಂದು ದಿನ ಅವನೂ ‘ತಬೆಮಸ್ ಕ?’ಗೆ ಹಿಂತಿರುಗಿದ. ಜಗಳವಿಲ್ಲ, ಬೇಸರದ ಮಾತಿಲ್ಲ. ಅವನು ಹತ್ತಿರ ಬಂದಿದ್ದ, ನಾನು ಕೈಮುಗಿದು ದೂರವೇ ನಿಂತಿದ್ದೆ. ಇದು ತಿಳಿಯುವ ಹೊತ್ತಿಗೆ ಹೊರಡುವ ದಿನ ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಧೈರ್ಯ ಮಾಡಿ ‘ಮತ ಅಯೆರು?’ ಎಂದೆ. ‘ಮತ್ತೆ ಸಿಗ್ತೀವಾ?’ ಎಂದು. ಅವನು ಜೋರಾಗಿ ನಕ್ಕುಬಿಟ್ಟ.

ಇವತ್ತು ಬೆಳಿಗ್ಗೆ ಬಸ್ಸಿಳಿದಾಗ, ಮೂರು ವರ್ಷ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ ಸಿಕ್ಕಿದ. ‘ಯಾವಾಗ ಬಂದ್ರಿ? ಕಾಫಿ ಕುಡೀತೀರಾ?’ ಎಂದ. ಒಳಗೆ ಚುರುಕ್ ಎಂದಿತು. ತಪ್ಪು ಅವನದಲ್ಲ. ವರ್ಷಗಟ್ಟಲೆ ಊರಿಗೆ ಬಾರದೆ, ಬಂದರೂ ಅವನ ಮನೆ ಬಾಗಿಲಿಗೆ ಹೋಗದೆ, ಆ ‘ರಿ’ಯನ್ನು ಅವನ ಬಾಯಿಗೆ ತಂದವನು ನಾನೇ.

ಮಕ್ಕಳೇ, ಗುರುಗಳಿಗೆ, ಹಿರಿಯರಿಗೆ, ಹೊಸಬರಿಗೆ ಬಹುವಚನ ಇರಲೇಬೇಕು. ಆದರೆ ಗೆಳೆಯ ಸಲಿಗೆಯಿಂದ ಕೇಳಿದರೆ ಸಲಿಗೆಯಿಂದಲೇ ಉತ್ತರ ಕೊಡಿ.

ನನ್ನ ಜೊತೆ ಓದಿದವರಲ್ಲಿ ಒಂದೇ ಬೇಡಿಕೆ. ಊಟದ ಪಂಕ್ತಿಯಲ್ಲಿ ಸಿಕ್ಕಾಗ ‘ಯಾವಾಗ ಬಂದ್ಯೋ?’ ಎಂದೇ ಕೇಳಿ. ಈ ಸಲ ಸರಿಯಾಗಿ ಉತ್ತರ ಕೊಡುತ್ತೇನೆ.