ಕೊನೆ ಗದ್ದೆಯವರ ಹಕ್ಕು

ಮದ್ದೂರು, ಮಳವಳ್ಳಿ ಕಡೆಯಿಂದ ಬಂದವರಿಗೆ ತಂತ್ರಾಂಶ ಪರವಾನಗಿಯ ವಿಷಯ ಬೇಗ ತಲೆಗೆ ಹತ್ತೀತು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಮಾಡುವವರು ನೀವು. ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆಂಬ ಸುದ್ದಿಗೂ ನಿಮ್ಮ ಬದುವಿಗೆ ನೀರು ತಲಪುವುದಕ್ಕೂ ಇರುವ ಅಂತರ ನಿಮಗೆ ಗೊತ್ತು.

ತಂತ್ರಾಂಶವೂ ಹಾಗೆಯೇ: ಮೇಲೆ ಬಿಟ್ಟ ಹಕ್ಕು ಕೊನೆಯವರಿಗೆ ತಲಪಲೇಬೇಕೆಂದಿಲ್ಲ. ಅದನ್ನು ಬಿಟ್ಟುಕೊಡುವುದರಲ್ಲಿ ಎರಡು ರೀತಿಯಿದೆ. ಬಿಎಸ್‌ಡಿ, ಎಂಐಟಿ ಪರವಾನಗಿಗಳು ಹೇಳುವುದಿಷ್ಟು: ತಗೊಳ್ಳಿ, ತಿದ್ದಿ, ಮಾರಿ, ಬೇಕಾದರೆ ಬೀಗ ಹಾಕಿಕೊಳ್ಳಿ; ಬರೆದವರ ಹೆಸರು ಅಳಿಸಬೇಡಿ. ಇನ್ನೊಂದು ಕಾಪಿಲೆಫ್ಟ್. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಹೊರತಂದ ಜಿಪಿಎಲ್‌ನಲ್ಲಿ ಬೀಗಕ್ಕೆ ಜಾಗವಿಲ್ಲ. ನೀವು ತಿದ್ದಿ ಹಂಚಿದರೆ, ನಿಮಗೆ ಸಿಕ್ಕ ಹಕ್ಕುಗಳೆಲ್ಲ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಸಮೇತ ಪಡೆದವರಿಗೂ ಸಲ್ಲಬೇಕು. ಮನೆಯೊಳಗೆ ತಿದ್ದಿ ಬಳಸಿಕೊಂಡರೆ ಯಾರೂ ಕೇಳುವಂತಿಲ್ಲ.

ಮೊದಲನೆಯದು ಕೀಳೆಂದು ನಾನು ಹೇಳಲಾರೆ. ಕೆ.ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಹಕ್ಕು ಕೇಳದೆ ಬಿಟ್ಟುಕೊಟ್ಟರು. ಕಚೇರಿಗಳಲ್ಲಿ ನುಡಿ ತಂತ್ರಾಂಶ ತೆರೆದು ಟೈಪು ಮಾಡುವವರ ಬೆರಳಿನಡಿ ಇರುವುದು ಅದೇ, ಲಿನಕ್ಸ್‌ನಲ್ಲೂ ಅದಿದೆ. ಷರತ್ತು ಹಾಕಿದ್ದರೆ ಇಷ್ಟು ಹಬ್ಬುತ್ತಿತ್ತೇ? ಅನುಮಾನ.

ಮೈಸೂರು ವಿಶ್ವವಿದ್ಯಾನಿಲಯ ಇನ್ನೊಂದು ದಾರಿ ಹಿಡಿಯಿತು. 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಅದೇ ಷರತ್ತಿನಲ್ಲಿ ಮುಂದಕ್ಕೆ ಹಂಚಬೇಕೆಂಬ ಕರಾರಿನೊಂದಿಗೆ ಕೊಟ್ಟಿತು. ಆ ಬರಹ ತಿದ್ದಿ ಪುಸ್ತಕ ಮಾಡಿ ನೀವು ಮಾರಬಹುದು. ನಿಮ್ಮ ಪುಸ್ತಕವನ್ನು ಇನ್ನೊಬ್ಬರು ನಕಲು ಮಾಡಿದರೆ ತಡೆಯುವಂತಿಲ್ಲ. ಸಾರ್ವಜನಿಕ ಹಣದಲ್ಲಿ ಆದ ಕೆಲಸಕ್ಕೆ ಈ ಕರಾರೇ ಸರಿ ಎಂಬುದು ನನ್ನ ಪಕ್ಷ.

ನೀರಿನ ಹೋಲಿಕೆ ಶುರುಮಾಡಿದವನು ನಾನೇ. ಅದು ಇಲ್ಲಿ ಸೋಲುತ್ತದೆ. ಮೇಲಿನವನು ಹರಿಸಿಕೊಂಡಷ್ಟೂ ನಿಮಗೆ ನೀರು ಕಡಿಮೆ. ತಂತ್ರಾಂಶ ಎಷ್ಟು ನಕಲಾದರೂ ಕರಗುವುದಿಲ್ಲ. ಬಿತ್ತನೆ ಭತ್ತವೇ ವಾಸಿ: ಹಿಡಿ ಕೊಟ್ಟರೆ ಪಲ್ಲವಾಗುತ್ತದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿ ಉಳಿಸಿಕೊಂಡು ಬಂದಿದ್ದಾರೆ. ಬಿತ್ತನೆ ಎತ್ತಿಟ್ಟುಕೊಳ್ಳುವ, ಕೊಟ್ಟು ತರುವ ಹಕ್ಕನ್ನು 2001ರ ತಳಿ ಸಂರಕ್ಷಣೆ ಕಾಯ್ದೆ ರೈತರಿಗೆ ಬಿಟ್ಟಿದೆ. ಬಿತ್ತನೆ ಪಡೆದವರು ಮುಂದೆ ಇನ್ನೊಬ್ಬರಿಗೆ ಕೊಡಲೇಬೇಕೆಂಬ ಕಟ್ಟು ಅದರಲ್ಲಿಲ್ಲ. ಅದು ರೂಢಿಗೆ ಬಿಟ್ಟದ್ದು. ಹಂಚುವವರ ಮಟ್ಟಿಗೆ ಆ ರೂಢಿಯನ್ನೇ ಬರಹದ ಕರಾರು ಮಾಡಿದ್ದು ಜಿಪಿಎಲ್.

ನಿಮ್ಮ ಜೇಬಿನಲ್ಲಿ ಆಂಡ್ರಾಯ್ಡ್ ಫೋನಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ವಿವರದಡಿ ಕಾನೂನು ಮಾಹಿತಿ ಹುಡುಕಿ. ಮುಗಿಯದಷ್ಟು ಉದ್ದದ ಪರವಾನಗಿ ಪಟ್ಟಿ ಬರುತ್ತದೆ. ಅದರೊಳಗೆ 1992ರಿಂದ ಜಿಪಿಎಲ್‌ನಲ್ಲಿರುವ ಲಿನಕ್ಸ್ ತಿರುಳೂ (ಕರ್ನಲ್) ಇದೆ. ಅದರ ಸೋರ್ಸ್ ಕೋಡ್ ಕೇಳುವ ಹಕ್ಕು ಫೋನ್ ಕೊಂಡ ನಿಮಗುಂಟು. ಕೇಳಿ ನೋಡಿ.