ಬರೆದದ್ದೆಲ್ಲ ಡಿಸ್ಕ್ ಸೇರಿತೇ?

ನಿಮ್ಮ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಬರುತ್ತಿದೆ: “ನನ್ನ ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಮುಗಿಯಿತು. ತೆರೆದು ನೋಡಿದರೆ ಫೈಲು ಅರ್ಧಕ್ಕೇ ನಿಂತಿದೆ.” ಲಿನಕ್ಸ್ ಮೇಲೆ ಸಿ ಭಾಷೆಯಲ್ಲಿ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಹೇಳುತ್ತೇನೆ.

ಮೊದಲು ಬಫರ್ ಇಲ್ಲದ ದಾರಿ. ರೈಟ್ ಕರೆಗೆ 8,192 ಬೈಟ್ ಕೊಟ್ಟಿರಿ, ಡಿಸ್ಕಿನಲ್ಲಿ 4,096ಕ್ಕಷ್ಟೇ ಜಾಗವಿದೆ ಅನ್ನೋಣ. ರೈಟ್ ಆಗ ದೋಷ ಹೇಳುವುದಿಲ್ಲ. 4,096 ಎಂದು ಲೆಕ್ಕ ಒಪ್ಪಿಸುತ್ತದೆ. ಉಳಿದದ್ದನ್ನು ಮತ್ತೆ ಕಳಿಸಿದಾಗಲೇ “ಜಾಗವಿಲ್ಲ” ಎನ್ನುವುದು. ಮೈನಸ್ ಒಂದು ಬಂತೇ ಎಂದಷ್ಟೇ ನೋಡುವವರಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ. ಪೈಪು, ಸಾಕೆಟ್ಟುಗಳಲ್ಲೂ ಹೀಗಾಗುತ್ತದೆ. ಎಷ್ಟು ಹೋಯಿತೆಂದು ನೋಡಿ, ಮಿಕ್ಕಿದ್ದನ್ನು ಲೂಪಿನಲ್ಲಿ ಕಳಿಸಬೇಕು.

ಬಫರ್ ಇದ್ದರೆ ಆ ಲೂಪನ್ನು ಲೈಬ್ರರಿಯೇ ನೋಡಿಕೊಳ್ಳುತ್ತದೆ. ಆದರೆ ಜನ ಮೋಸಹೋಗುವುದು ಇಲ್ಲೇ. ಪ್ರಿಂಟ್‌ಎಫ್ ಸರಿ ಎಂದರೆ ಅಕ್ಷರಗಳು ಬಫರಿಗೆ ಬಿದ್ದವು ಎಂದಷ್ಟೇ ಅರ್ಥ. ಅಂಚೆ ಡಬ್ಬಿಗೆ ಹಾಕಿದ ಕಾಗದ ಊರು ಮುಟ್ಟಿದಂತಲ್ಲ. ನಿಜವಾಗಿ ಹೊರಗೆ ಹೋಗುವುದು ಬಫರ್ ತುಂಬಿದಾಗ, ಎಫ್‌ಫ್ಲಶ್ ಕರೆದಾಗ, ಇಲ್ಲವೇ ಎಫ್‌ಕ್ಲೋಸ್ ಕರೆದಾಗ. ಬಫರಿಗಿಂತ ಚಿಕ್ಕ ಫೈಲಾದರೆ ಎಲ್ಲವೂ ಎಫ್‌ಕ್ಲೋಸ್‌ನಲ್ಲೇ. ಆದ್ದರಿಂದ ಎಫ್‌ಕ್ಲೋಸ್ ಏನು ಹೇಳಿತೆಂದು ಕೇಳಿಸಿಕೊಳ್ಳಿ. ಇನ್ನೊಮ್ಮೆ ಹೇಳುತ್ತೇನೆ: ಮುಚ್ಚುವ ಕರೆಯೇ ಕೊನೆಯ ಬರೆಯುವ ಕರೆ, ಅದೂ ಸೋಲಬಹುದು. “ಫೈಲು ಮುಚ್ಚುವುದರಲ್ಲಿ ಸೋಲುವುದೇನು ಬಂತು?” ಎಂಬ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಒಂದು ಕಚೇರಿಯ ಸಂಬಳದ ಪಟ್ಟಿಯಲ್ಲಿ ಕೊನೆಯ ಹೆಸರುಗಳೇ ಹಾರಿಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಡಿಸ್ಕ್ ತುಂಬಿತ್ತು, ಪ್ರಿಂಟ್‌ಎಫ್‌ಗಳೆಲ್ಲ ಸರಿ ಎಂದಿದ್ದವು, ಎಫ್‌ಕ್ಲೋಸ್ ಹೇಳಿದ ದೋಷವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಸಮಯವಾಗುತ್ತಿದೆ; ಉಳಿದದ್ದು ಚುಟುಕಾಗಿ. ಬಫರಿನ ದಾರಿಯಲ್ಲಿ ದೋಷ ಬಂದರೆ ಎಷ್ಟು ಹೊರಗೆ ಹೋಯಿತೆಂದು ನಂಬಿ ಹೇಳುವಂತಿಲ್ಲ. ಮುಂದುವರಿಸಲು ಹೋಗದೆ ಆ ಫೈಲನ್ನು ಅಳಿಸಿಬಿಡಿ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಲ್ಲ ಸರಿಯಾದ ಮೇಲೆ ಹೆಸರು ಬದಲಿಸಿದರೆ ಹಳೆಯ ಪ್ರತಿ ಕೆಡುವುದಿಲ್ಲ. ಕರೆಂಟು ಹೋದರೂ ಉಳಿಯಬೇಕಾದ ಮಾಹಿತಿಗೆ ಎಫ್‌ಫ್ಲಶ್ ಆದ ಮೇಲೆ ಎಫ್‌ಸಿಂಕ್ ಕೂಡ ಬೇಕು. ಅದರ ಉತ್ತರವನ್ನೂ ನೋಡಿ.

ಲಿನಕ್ಸಿನ ಡೆವ್ ಡೈರೆಕ್ಟರಿಯಲ್ಲಿ ಫುಲ್ ಎಂಬುದೊಂದಿದೆ. ಅದಕ್ಕೆ ಏನು ಬರೆಯಹೊರಟರೂ “ಜಾಗವಿಲ್ಲ” ಎಂದೇ ಉತ್ತರ. ನಿಮ್ಮ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇವತ್ತೇ ಅದರ ಕಡೆಗೆ ತಿರುಗಿಸಿ. ಆಗಲೂ ದೋಷ ಹೇಳದೆ ಮುಗಿದರೆ, ಆ ಪ್ರೋಗ್ರಾಮನ್ನು ತಿದ್ದುವವರೆಗೆ ಯಾರ ಲೆಕ್ಕವನ್ನೂ ಅದಕ್ಕೆ ಒಪ್ಪಿಸಬೇಡಿ.